ಹೆಸರಘಟ್ಟದ ಮಣ್ಣಿನ ಏರಿ ಮತ್ತು ದಿವಾನ್ ಶೇಷಾದ್ರಿ ಅಯ್ಯರ್

ತುಮಕೂರು ರಸ್ತೆಯ ದಾಸರಹಳ್ಳಿಯಿಂದ ಕವಲೊಡೆದು ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿಗಳ ಮಾರ್ಗವಾಗಿ ಸಾಗುವ ಹೆಸರಘಟ್ಟ ರಸ್ತೆಯು ಅರ್ಕಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಒಂದು ಮಣ್ಣಿನ ಏರಿಯತ್ತ ಕರೆದೊಯ್ಯುತ್ತದೆ. 1894ರಲ್ಲಿ ನಿರ್ಮಾಣಗೊಂಡ ಈ ಅಣೆಕಟ್ಟು ಬೆಂಗಳೂರಿಗೆ ಮೊದಲ ಬಾರಿಗೆ ದೂರದ ನದಿಯ ನೀರನ್ನು ಕೊಳವೆಯಲ್ಲಿ ತಂದುಕೊಟ್ಟಿತು. ಮಳೆಗಾಲದಲ್ಲಿ ಕೆಲವೇ ವಾರ ಹರಿದು ಹೋಗುವ ಹೊಳೆಯ ಪ್ರವಾಹವನ್ನು ತಡೆದು ನಿಲ್ಲಿಸಿ, ಮಳೆಯಿಲ್ಲದ ವರ್ಷಗಳಿಗೆ ಉಳಿಸಿಕೊಳ್ಳುವುದು ಇದರ ಉದ್ದೇಶವಾಗಿತ್ತು. ಈ ಕಾರ್ಯದ ಹಿಂದಿದ್ದವರು ಅಂದಿನ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್.

ಬೆಂಗಳೂರಿನ ಶೇಷಾದ್ರಿಪುರ, ಶೇಷಾದ್ರಿ ರಸ್ತೆ, ಕಬ್ಬನ್ ಉದ್ಯಾನದಲ್ಲಿರುವ ಅವರ ಪ್ರತಿಮೆ ಮತ್ತು ಸ್ಮಾರಕ ಭವನಗಳಿಂದ ಅವರ ಹೆಸರು ನಗರವಾಸಿಗಳಿಗೆ ಪರಿಚಿತ. ಆದರೆ ಅವರ ಆಡಳಿತದ ಬಹುಭಾಗವು ಕ್ಷಾಮ, ಕೆರೆ, ನೀರಾವರಿ ಮತ್ತು ರೈತರ ಸಾಲ ಎಂಬ ವಿಷಯಗಳ ಸುತ್ತಲೇ ಸಾಗಿತ್ತು. ಆದ್ದರಿಂದ ಅವರ ಜೀವನವನ್ನು ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರು ತಿಳಿದಿರುವುದು ಉಪಯುಕ್ತ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಶೇಷಾದ್ರಿ ಅಯ್ಯರ್ 1845ರ ಜೂನ್ 1ರಂದು ಮಲಬಾರಿನ ಪಾಲಕ್ಕಾಡಿನ ಸಮೀಪದ ಕುಮಾರಪುರದಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರ್ ಕೋಳಿಕ್ಕೋಡಿನಲ್ಲಿ ವಕೀಲರು. ಮಗುವಿಗೆ ಸುಮಾರು ಒಂದು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮಲಸೋದರರಾದ ಅಣ್ಣನೇ ಬೆಳೆಸಿ ಓದಿಸಿದರು. ಕೋಳಿಕ್ಕೋಡಿನಲ್ಲಿ ಶಾಲಾ ಶಿಕ್ಷಣ ಮುಗಿಸಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು.

ಪದವಿಯ ನಂತರ ಕೋಳಿಕ್ಕೋಡಿನ ಕಲೆಕ್ಟರ್ ಕಚೇರಿಯಲ್ಲಿ ಅನುವಾದಕರಾಗಿದ್ದಾಗ ಅವರ ಸಾಮರ್ಥ್ಯವನ್ನು ಗುರುತಿಸಿದವರು ಸಿ. ರಂಗಾಚಾರ್ಲು. ಮೈಸೂರಿನ ಸೇವೆಗೆ ಬಂದ ರಂಗಾಚಾರ್ಲು ಅವರು 1868ರಲ್ಲಿ ಈ ಯುವಕನನ್ನೂ ಇಲ್ಲಿಗೆ ಕರೆಸಿಕೊಂಡರು. ಅಷ್ಟಗ್ರಾಮ ವಿಭಾಗದ ನ್ಯಾಯಾಡಳಿತ ಕಚೇರಿಯಲ್ಲಿ ಅವರ ಮೈಸೂರು ಸೇವೆ ಆರಂಭವಾಯಿತು. ಕೆಲಸದ ನಡುವೆಯೇ ಕಾನೂನು ಪದವಿಯನ್ನೂ ಪಡೆದುಕೊಂಡು ನ್ಯಾಯಾಂಗ ಹಾಗೂ ಕಂದಾಯ ಇಲಾಖೆಗಳ ಹಲವು ಹುದ್ದೆಗಳನ್ನು ನಿರ್ವಹಿಸಿದರು. ತುಮಕೂರು ಮತ್ತು ಮೈಸೂರು ಜಿಲ್ಲೆಗಳ ಡೆಪ್ಯುಟಿ ಕಮಿಷನರ್ ಆಗಿದ್ದುದು ಅವರಿಗೆ ಹಳ್ಳಿಗಾಡಿನ ನೇರ ಪರಿಚಯವನ್ನು ಒದಗಿಸಿತು.

ಮಹಾಕ್ಷಾಮದ ಪಾಠ

ಅವರ ಸೇವೆಯ ಮೊದಲ ದಶಕದಲ್ಲಿಯೇ ಮೈಸೂರು ಸಂಸ್ಥಾನ ತನ್ನ ಇತಿಹಾಸದ ಅತ್ಯಂತ ಘೋರ ದುರಂತವನ್ನು ಕಂಡಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮುಂಗಾರು ಮತ್ತು ಹಿಂಗಾರು ಎರಡೂ ಕೈಕೊಟ್ಟವು. ಕೆರೆಗಳು ಒಣಗಿದವು, ರಾಗಿಯ ಹೊಲಗಳು ಬರಿದಾದವು, ಹಗೇವುಗಳಲ್ಲಿದ್ದ ಧಾನ್ಯವೂ ಮುಗಿಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹತ್ತು ವರ್ಷಗಳಲ್ಲಿ ಸಹಜವಾಗಿ ಆಗಬೇಕಿದ್ದ ಹೆಚ್ಚಳವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನಷ್ಟದ ಪ್ರಮಾಣ ಇನ್ನೂ ದೊಡ್ಡದು. ಉಳುವ ಎತ್ತುಗಳನ್ನು ಕಳೆದುಕೊಂಡ ಕುಟುಂಬಗಳು ಮಳೆ ಬಂದ ಮೇಲೂ ಬಿತ್ತನೆ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಮೈಸೂರಿನಲ್ಲಿ ಕೆರೆಗಳಿಗೆ ಕೊರತೆಯಿರಲಿಲ್ಲ. ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹರಿಯುವಂತೆ ಕಣಿವೆಯುದ್ದಕ್ಕೂ ಸರಣಿಯಾಗಿ ಕಟ್ಟಿದ ಸಾವಿರಾರು ಕೆರೆಗಳಿದ್ದವು. ಆದರೆ ಬಹುಪಾಲು ಕೆರೆಗಳು ಒಂದು ವರ್ಷದ ಮಳೆಯನ್ನು ಅದೇ ವರ್ಷದ ಬೆಳೆಗೆ ಒದಗಿಸುವಷ್ಟು ಮಾತ್ರ ದೊಡ್ಡವು. ಸತತ ಎರಡು ವರ್ಷ ಮಳೆ ತಪ್ಪಿದರೆ ಅವುಗಳಿಂದ ರಕ್ಷಣೆ ದೊರೆಯುತ್ತಿರಲಿಲ್ಲ. ಒಳ್ಳೆಯ ಮಳೆಯ ವರ್ಷದ ಪ್ರವಾಹವನ್ನು ಕೆಟ್ಟ ವರ್ಷಕ್ಕೆ ಕಾದಿರಿಸುವ ದೊಡ್ಡ ಜಲಾಶಯಗಳ ಅಗತ್ಯವನ್ನು ಮಹಾಕ್ಷಾಮ ಮನದಟ್ಟು ಮಾಡಿಸಿತು. ಮುಂದೆ ಶೇಷಾದ್ರಿ ಅಯ್ಯರ್ ಕೈಗೊಂಡ ಹೆಸರಘಟ್ಟ ಮತ್ತು ಮಾರಿಕಣಿವೆ ಯೋಜನೆಗಳೆರಡರಲ್ಲೂ ಇದೇ ವಿಚಾರ ಕಾಣುತ್ತದೆ.

ದಿವಾನ ಪದವಿ

1881ರ ಮಾರ್ಚ್ 25ರಂದು ಬ್ರಿಟಿಷರು ಆಡಳಿತವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ರಂಗಾಚಾರ್ಲು ದಿವಾನರಾದರು. 1883ರ ಜನವರಿಯಲ್ಲಿ ಅವರು ನಿಧನರಾದ ಮೇಲೆ ಶೇಷಾದ್ರಿ ಅಯ್ಯರ್ ಆ ಸ್ಥಾನಕ್ಕೆ ನೇಮಕಗೊಂಡರು. ಆಗ ಅವರ ವಯಸ್ಸು 37. ಮುಂದಿನ 18 ವರ್ಷ, ಅಂದರೆ 1901ರವರೆಗೆ, ಅವರೇ ದಿವಾನರಾಗಿ ಮುಂದುವರಿದರು. ಮೈಸೂರಿನಲ್ಲಿ ಇಷ್ಟು ದೀರ್ಘಕಾಲ ನಿರಂತರವಾಗಿ ದಿವಾನಗಿರಿ ನಡೆಸಿದವರು ವಿರಳ.

ಅವರಿಗೆ ದೊರೆತ ಖಜಾನೆ ಬರಿದಾಗಿತ್ತು. ಕ್ಷಾಮ ಪರಿಹಾರಕ್ಕಾಗಿ ಮಾಡಿದ 80 ಲಕ್ಷ ರೂಪಾಯಿಗಳ ಸಾಲ ಸಂಸ್ಥಾನದ ಮೇಲಿತ್ತು. ಕೋಲಾರದ ಚಿನ್ನದ ಗಣಿಗಳಿಂದ ಬರತೊಡಗಿದ ರಾಜಧನ, ಅರಣ್ಯ ಮತ್ತು ಭೂಕಂದಾಯಗಳ ಕಟ್ಟುನಿಟ್ಟಾದ ನಿರ್ವಹಣೆಯಿಂದ ಹಣಕಾಸು ಕ್ರಮೇಣ ಸುಧಾರಿಸಿತು. ಹೀಗೆ ಉಳಿದ ಹಣವನ್ನು ಅವರು ಮುಖ್ಯವಾಗಿ ಎರಡು ಕಡೆ ತೊಡಗಿಸಿದರು. ಕ್ಷಾಮ ಬಂದಾಗ ಧಾನ್ಯ ಸಾಗಿಸಲು ರೈಲುಮಾರ್ಗ ಮೊದಲನೆಯದು. ಕ್ಷಾಮವೇ ಬಾರದಂತೆ ತಡೆಯಲು ನೀರಾವರಿ ಎರಡನೆಯದು. ಅವರ ಕಾಲದಲ್ಲಿ ನೀರಾವರಿ ಕಾಮಗಾರಿಗಳಿಗೆ ಸುಮಾರು 1 ಕೋಟಿ ರೂಪಾಯಿ ವೆಚ್ಚವಾಯಿತು. ಇದರಿಂದ 355 ಚದರ ಮೈಲಿ, ಅಂದರೆ 2 ಲಕ್ಷ 27 ಸಾವಿರ ಎಕರೆಯಷ್ಟು ಭೂಮಿ ಹೊಸದಾಗಿ ತರಿ ಬೇಸಾಯಕ್ಕೆ ಒಳಪಟ್ಟಿತು.

ರೈತರ ಸಾಲದ ಸಮಸ್ಯೆಯೂ ಅವರ ಗಮನದಿಂದ ದೂರವಿರಲಿಲ್ಲ. ಸಾಹುಕಾರರ ಹೆಚ್ಚಿನ ಬಡ್ಡಿಯಿಂದ ಬಿಡುಗಡೆಗಾಗಿ 1894ರಲ್ಲಿ ಕೃಷಿ ಬ್ಯಾಂಕುಗಳ ಸ್ಥಾಪನೆಗೆ ಪ್ರೋತ್ಸಾಹ ನೀಡಿದರು. ಆ ಬ್ಯಾಂಕುಗಳು ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ. ಆದರೂ 1905ರ ಮೈಸೂರು ಸಹಕಾರ ಸಂಘಗಳ ಕಾಯಿದೆಗೆ ಮೊದಲೇ ನಡೆದ ಈ ಪ್ರಯತ್ನ ಸ್ಮರಣೀಯ. ರಂಗಾಚಾರ್ಲು ಆರಂಭಿಸಿದ್ದ ಪ್ರಜಾಪ್ರತಿನಿಧಿ ಸಭೆಯನ್ನು ಪ್ರತಿ ದಸರೆಯಲ್ಲಿ ನಡೆಸಿಕೊಂಡು ಬಂದುದಲ್ಲದೆ, 1891ರಲ್ಲಿ ಅದರ ಸದಸ್ಯರನ್ನು ಚುನಾಯಿಸುವ ಪದ್ಧತಿಯೂ ಅವರ ಕಾಲದಲ್ಲಿಯೇ ಜಾರಿಗೆ ಬಂದಿತು.

ಹೆಸರಘಟ್ಟದ ಯೋಜನೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಊರು. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳು ಮತ್ತು ಬಾವಿಗಳೇ ಊರಿಗೆ ಆಧಾರವಾಗಿದ್ದವು. 1882ರಲ್ಲಿ ಸ್ಯಾಂಕಿ ಕೆರೆಯೂ ಸೇರಿಕೊಂಡಿತು. 1891ರ ವೇಳೆಗೆ ನಗರ ಮತ್ತು ದಂಡುಪ್ರದೇಶಗಳ ಒಟ್ಟು ಜನಸಂಖ್ಯೆ ಸುಮಾರು 1 ಲಕ್ಷ 80 ಸಾವಿರವಾಗಿತ್ತು. ಊರು ಬೆಳೆದಂತೆ ಕೆರೆಗಳಿಗೆ ಹರಿಯುವ ನೀರು ಕೊಳಕಾಯಿತು, ಬೇಸಿಗೆಯಲ್ಲಿ ಕೊರತೆಯಾಗತೊಡಗಿತು. ಊರೊಳಗಿನ ಕೆರೆಗಳನ್ನು ನಂಬಿ ಮುಂದುವರಿಯುವಂತಿರಲಿಲ್ಲ.

ಆಗ ಗಮನ ಹರಿದದ್ದು ಅರ್ಕಾವತಿಯ ಕಡೆಗೆ. ನಂದಿಬೆಟ್ಟದಲ್ಲಿ ಹುಟ್ಟುವ ಈ ಹೊಳೆ ದೊಡ್ಡಬಳ್ಳಾಪುರದ ಬಯಲನ್ನು ಹಾದು ಹೆಸರಘಟ್ಟದ ಬಳಿಗೆ ಬರುತ್ತದೆ. ಮುಂದೆ ರಾಮನಗರ, ಕನಕಪುರಗಳ ಮೂಲಕ ಸಾಗಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಗರದಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ ಜಲಾಶಯ ನಿರ್ಮಿಸುವ ಯೋಜನೆಯನ್ನು ಶೇಷಾದ್ರಿ ಅಯ್ಯರ್ ಹಾಗೂ ಮುಖ್ಯ ಇಂಜಿನಿಯರ್ ಎಂ. ಸಿ. ಹಚಿನ್ಸ್ ರೂಪಿಸಿದರು. ನಗರಕ್ಕೆ ಮೂರು ವರ್ಷಗಳ ಕಾಲ ಸಾಲುವಷ್ಟು ನೀರನ್ನು ಸಂಗ್ರಹಿಸಬೇಕೆಂಬುದು ಯೋಜನೆಯ ಆಧಾರಸೂತ್ರ. ಕ್ಷಾಮದ ಅನುಭವವಿದ್ದ ಆಡಳಿತಗಾರನಿಗೆ ಇದು ಸಹಜವಾದ ಲೆಕ್ಕಾಚಾರ.

ಯೋಜನೆಗೆ ಮಹಾರಾಜರ ಗೌರವಾರ್ಥ ಚಾಮರಾಜೇಂದ್ರ ನೀರು ಸರಬರಾಜು ಯೋಜನೆ ಎಂಬ ಹೆಸರಿಡಲಾಯಿತು. ಜಲಾಶಯದಿಂದ ಹೊರಟ ನೀರು ಇಟ್ಟಿಗೆಯಿಂದ ಕಟ್ಟಿದ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಸೋಲದೇವನಹಳ್ಳಿಯತ್ತ ಹರಿಯುತ್ತಿತ್ತು. ವಿದ್ಯುತ್ತು ಇನ್ನೂ ಬಂದಿರದ ಆ ಕಾಲದಲ್ಲಿ ಸೋಲದೇವನಹಳ್ಳಿಯಿಂದ ನೀರನ್ನು ಮೇಲೆತ್ತಿದ್ದು ಉಗಿಯಂತ್ರದ ಪಂಪುಗಳು. ಅಲ್ಲಿಂದ ನೀರು ನಗರದತ್ತ ಸಾಗುತ್ತಿತ್ತು. ಮುಂದೆ ಮಲ್ಲೇಶ್ವರದಲ್ಲಿ ಅದನ್ನು ಶೋಧಿಸುವ ವ್ಯವಸ್ಥೆಯೂ ಆಯಿತು. ಹಳೆಯ ಇಟ್ಟಿಗೆ ಕಾಲುವೆಯ ಕುರುಹುಗಳನ್ನು ಈ ಭಾಗದಲ್ಲಿ ಇಂದಿಗೂ ನೋಡಬಹುದು. ಯೋಜನೆಗೆ ತಮ್ಮ ಹೆಸರನ್ನಿತ್ತ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲಿಕವಾಗಿ ನಿಧನರಾದರು.

ಮಣ್ಣಿನ ಏರಿ ಪ್ರವಾಹವನ್ನು ತಡೆಯುವ ಬಗೆ

ಹೆಸರಘಟ್ಟದಂತಹ ಏರಿಗಳ ರಚನೆಯನ್ನು ತಿಳಿದರೆ ನಮ್ಮ ಊರಿನ ಕೆರೆಗಳನ್ನೂ ಕಾಪಾಡಿಕೊಳ್ಳಬಹುದು. ಮಣ್ಣಿನ ಏರಿಯು ತನ್ನ ಭಾರದಿಂದ ನೀರಿನ ಒತ್ತಡವನ್ನು ತಡೆಯುತ್ತದೆ. ಅದರ ಬುಡ ಅಗಲವಾಗಿದ್ದು ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಮಣ್ಣನ್ನು ಒಂದೇ ಸಲ ಸುರಿಯದೆ, ತೆಳುವಾದ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಗಟ್ಟಿಯಾಗಿ ತುಳಿಸಬೇಕು. ಒಣಮಣ್ಣಿನ ಹೆಂಟೆಗಳ ನಡುವೆ ಉಳಿಯುವ ಸಂದುಗಳೇ ಮುಂದೆ ನೀರು ಜಿನುಗುವ ದಾರಿಗಳಾಗುತ್ತವೆ. ನೀರಿನ ಕಡೆಯ ಮೈಗೆ ಅಲೆಯ ಹೊಡೆತ ತಾಗದಂತೆ ಕಲ್ಲು ಹೊದಿಸುತ್ತಾರೆ. ಹಿಂಬದಿಯ ಇಳಿಜಾರಿನಲ್ಲಿ ಹುಲ್ಲು ಬೆಳೆಸುತ್ತಾರೆ.

ಕಲ್ಲಿನ ಕಟ್ಟೆಯ ಮೇಲೆ ನೀರು ಸ್ವಲ್ಪ ಹೊತ್ತು ಹರಿದರೂ ಅದು ನಿಲ್ಲಬಹುದು. ಮಣ್ಣಿನ ಏರಿಗೆ ಆ ಶಕ್ತಿಯಿಲ್ಲ. ಏರಿಯ ನೆತ್ತಿಯನ್ನು ದಾಟಿ ನೀರು ಹರಿಯತೊಡಗಿದರೆ ಕೆಲವೇ ಗಂಟೆಗಳಲ್ಲಿ ಅದು ಕೊಚ್ಚಿಹೋಗುತ್ತದೆ. ಆದ್ದರಿಂದ ಮಣ್ಣಿನ ಅಣೆಕಟ್ಟಿನ ಜೀವ ಇರುವುದು ಕೋಡಿಯಲ್ಲಿ. ಕೆರೆ ತುಂಬಿದೊಡನೆ ಹೆಚ್ಚುವರಿ ನೀರು ಏರಿಯನ್ನು ಮುಟ್ಟದೆ ಪಕ್ಕದಿಂದ ಹೊರಬೀಳುವಂತೆ ಕೋಡಿಯ ಅಗಲ ಮತ್ತು ಎತ್ತರಗಳು ಇರಬೇಕು. ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ ಮಣ್ಣುಮೂಟೆ ಪೇರಿಸುವುದು ಅಥವಾ ಕೋಡಿಯ ಹಳ್ಳವನ್ನು ಒತ್ತುವರಿ ಮಾಡುವುದು ಏರಿಗೇ ಅಪಾಯ ತರುತ್ತದೆ.

ಕೆರೆಯು ಪ್ರವಾಹವನ್ನು ತಗ್ಗಿಸುವ ಬಗೆಯನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಹೆಕ್ಟೇರ್ ಹರವಿನ ಕೆರೆಯಲ್ಲಿ ನೀರು ಒಂದು ಅಡಿ ಏರಿದರೆ ಸುಮಾರು 30 ಲಕ್ಷ ಲೀಟರ್ ನೀರು ಅಲ್ಲಿ ನಿಂತಂತೆ. ಕೆರೆ ತುಂಬಿದ ಮೇಲೂ ಕೋಡಿಯ ಮಟ್ಟದಿಂದ ನೀರು ಒಂದೆರಡು ಅಡಿ ಏರುವಷ್ಟರಲ್ಲಿ ಪ್ರವಾಹದ ರಭಸ ಮುರಿಯುತ್ತದೆ. ಒಂದು ಗಂಟೆಯಲ್ಲಿ ನುಗ್ಗಿದ ನೀರು ಹಲವು ಗಂಟೆಗಳಲ್ಲಿ ನಿಧಾನವಾಗಿ ಕೆಳಗಿಳಿಯುತ್ತದೆ. ಸರಣಿಯ ಪ್ರತಿಯೊಂದು ಕೆರೆಯೂ ಹೀಗೆ ಮಾಡಿದರೆ ಕೊನೆಯ ಊರಿಗೆ ತಟ್ಟುವ ಪ್ರವಾಹದ ತೀವ್ರತೆ ಕಡಿಮೆಯಾಗುತ್ತದೆ. ಆದರೆ ಮೇಲಿನ ಕೆರೆಯೊಂದು ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಗೆ ನುಗ್ಗಿ, ಅದೂ ಒಡೆಯುವ ಸಂಭವವಿದೆ. ಬೆಂಗಳೂರಿನ ಉತ್ತರದ ಹಳ್ಳಿಗಳು ಬಡಾವಣೆಗಳಾದಂತೆ ಕೆರೆಗಳನ್ನು ಜೋಡಿಸುವ ರಾಜಕಾಲುವೆಗಳು ಕಿರಿದಾದವು. ಜೋರು ಮಳೆಯಲ್ಲಿ ಮನೆಗಳಿಗೆ ನೀರು ನುಗ್ಗುವುದು ಅದರ ಫಲ.

1892ರ ಒಪ್ಪಂದ ಮತ್ತು ಮಾರಿಕಣಿವೆ

ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಇಂದಿಗೂ ಚರ್ಚೆಗೆ ಒಳಗಾಗುವ ವಿಷಯವೆಂದರೆ 1892ರ ಮೈಸೂರು–ಮದ್ರಾಸ್ ಒಪ್ಪಂದ. ಮೇಲಿನ ಪಾತ್ರದಲ್ಲಿ ಮೈಸೂರು ಕೆರೆಗಳನ್ನು ಕಟ್ಟಿದರೆ ಕೆಳಗಿನ ತಮ್ಮ ಪ್ರದೇಶಕ್ಕೆ ನೀರು ಕಡಿಮೆಯಾಗುತ್ತದೆ ಎಂಬುದು ಮದ್ರಾಸ್ ಸರ್ಕಾರದ ಆಕ್ಷೇಪವಾಗಿತ್ತು. ಒಪ್ಪಂದದ ಪ್ರಕಾರ ಪಟ್ಟಿಯಲ್ಲಿ ಹೆಸರಿಸಿದ ನದಿಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಪಡೆಯಬೇಕಾಯಿತು. ಬ್ರಿಟಿಷ್ ಪ್ರಭುತ್ವದ ಅಧೀನದಲ್ಲಿದ್ದ ಸಂಸ್ಥಾನಕ್ಕೆ ಸಮಾನ ನೆಲೆಯಲ್ಲಿ ವಾದಿಸುವ ಅವಕಾಶವಿರಲಿಲ್ಲ. ಆದರೂ ಈ ನಿರ್ಬಂಧದ ಭಾರವನ್ನು ಕಾವೇರಿ ಕಣಿವೆಯ ರೈತರು ಮುಂದೆ ದೀರ್ಘಕಾಲ ಹೊರಬೇಕಾಯಿತು ಎಂಬುದೂ ನಿಜ.

ಒಪ್ಪಂದದ ನಂತರವೂ ಅವರು ದೊಡ್ಡ ಜಲಾಶಯದ ಯೋಚನೆಯನ್ನು ಕೈಬಿಡಲಿಲ್ಲ. ಮಳೆ ತೀರ ಕಡಿಮೆಯಿರುವ ಚಿತ್ರದುರ್ಗದ ಭಾಗದಲ್ಲಿ, ಹಿರಿಯೂರಿನ ಸಮೀಪದ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟು ಕಟ್ಟುವ ಕೆಲಸ 1898ರಲ್ಲಿ ಆರಂಭವಾಯಿತು. ಅದು 1907ರಲ್ಲಿ ಪೂರ್ಣಗೊಂಡು, ರೀಜೆಂಟರಾಗಿದ್ದ ಮಹಾರಾಣಿಯವರ ಹೆಸರಿನಲ್ಲಿ ವಾಣಿವಿಲಾಸ ಸಾಗರವೆನಿಸಿತು. ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ ಕೋಲಾರದ ಗಣಿಗಳಿಗೆ ಸಾಗಿಸುವ ಯೋಜನೆಯೂ ಅವರ ಕಾಲದಲ್ಲಿಯೇ ಸಿದ್ಧವಾಯಿತು. 1902ರಲ್ಲಿ ವಿದ್ಯುತ್ ಹರಿಯಿತು. ಈ ಎರಡೂ ಫಲಗಳನ್ನು ನೋಡಲು ಅವರು ಉಳಿದಿರಲಿಲ್ಲ.

ಕೊನೆಯ ವರ್ಷಗಳು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತು. ಇಕ್ಕಟ್ಟಾದ ಪೇಟೆಗಳಲ್ಲಿ ಸಾವು ಹೆಚ್ಚಿತು. ಗಾಳಿ, ಬೆಳಕು ಮತ್ತು ಚರಂಡಿಗಳಿಗೆ ಅವಕಾಶವಿರುವ ಬಸವನಗುಡಿ ಹಾಗೂ ಮಲ್ಲೇಶ್ವರ ಬಡಾವಣೆಗಳು ಆ ವೇಳೆಗೆ ರೂಪುಗೊಂಡವು. ನಗರವನ್ನು ರೋಗದಿಂದ ಕಾಪಾಡಲು ಹೆಸರಘಟ್ಟದ ಶುದ್ಧ ನೀರು ಎಷ್ಟು ಅಗತ್ಯವೆಂಬುದು ಆಗ ಎಲ್ಲರಿಗೂ ಅರಿವಾಯಿತು.

ಅವರ ಆಡಳಿತದ ಬಗ್ಗೆ ಅಸಮಾಧಾನಗಳೂ ಇದ್ದವು. ಅಧಿಕಾರವನ್ನು ತಮ್ಮಲ್ಲಿಯೇ ಕೇಂದ್ರೀಕರಿಸಿಕೊಂಡರು ಎಂದೂ, ಮದ್ರಾಸ್ ಪ್ರಾಂತದಿಂದ ಬಂದವರಿಗೆ ದೊಡ್ಡ ಹುದ್ದೆಗಳನ್ನು ನೀಡಿ ಮೈಸೂರಿನವರನ್ನು ಕಡೆಗಣಿಸಿದರು ಎಂದೂ ಟೀಕೆಗಳು ಕೇಳಿಬಂದವು. ಮೈಸೂರು ಮೈಸೂರಿಗರಿಗೆ ಎಂಬ ಆಗ್ರಹ ಬಲಗೊಂಡದ್ದು ಈ ಅವಧಿಯಲ್ಲಿಯೇ. ಅವಿರತ ದುಡಿಮೆಯಿಂದ ಆರೋಗ್ಯ ಕೆಟ್ಟು 1901ರಲ್ಲಿ ಅವರು ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 13ರಂದು, 56ನೆಯ ವಯಸ್ಸಿನಲ್ಲಿ ನಿಧನರಾದರು.

ಜಲಾಶಯದ ನಂತರದ ಕಥೆ

ಮೂರು ವರ್ಷಗಳಿಗೆ ಸಾಲುವಷ್ಟು ನೀರೆಂಬ ಲೆಕ್ಕವು ಹೆಸರಘಟ್ಟಕ್ಕೆ ಬರುವ ಒಳಹರಿವನ್ನು ಅವಲಂಬಿಸಿತ್ತು. ನಗರ ಬೆಳೆಯಿತು, ಮಳೆಯೂ ಕೈಕೊಟ್ಟಿತು. 1925ರ ಸುಮಾರಿಗೆ ಜಲಾಶಯ ಸಂಪೂರ್ಣವಾಗಿ ಒಣಗಿತು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯ ಸಲಹೆಯಂತೆ ಅರ್ಕಾವತಿಯ ಕೆಳಪಾತ್ರದಲ್ಲಿ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರ ವೇಳೆಗೆ ಚಾಮರಾಜಸಾಗರ ಸಿದ್ಧವಾಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೆಸರಘಟ್ಟಕ್ಕೆ ಹರಿದುಬರುವ ನೀರು ಮತ್ತಷ್ಟು ಕುಗ್ಗಿತು. ನಗರವು ಕಾವೇರಿಯತ್ತ ಮುಖ ಮಾಡಿತು.

ಏರಿ ಗಟ್ಟಿಯಾಗಿದ್ದರೂ ಕೆರೆ ಏಕೆ ಬರಿದಾಯಿತು? ಕಾರಣ ಏರಿಯಲ್ಲಿಲ್ಲ, ಜಲಾನಯನ ಪ್ರದೇಶದಲ್ಲಿದೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ತೋಪುಗಳು ಎದ್ದವು. ಅವುಗಳ ಆಳದ ಬೇರುಗಳು ಮಣ್ಣಿನ ತೇವವನ್ನು ಹೀರಿಕೊಂಡವು. ಕೊಳವೆಬಾವಿಗಳು ನೂರಾರು ಅಡಿ ಆಳಕ್ಕಿಳಿದು ಅಂತರ್ಜಲದ ಮಟ್ಟ ಕುಸಿಯಿತು. ಮಳೆಗಾಲ ಮುಗಿದ ಮೇಲೂ ಹಳ್ಳಗಳಿಗೆ ಜಿನುಗುತ್ತಿದ್ದ ನೀರು ನಿಂತಿತು. ಮೇಲಿನ ಕೆರೆಗಳ ಕಾಲುವೆಗಳು ಮುಚ್ಚಿದವು. ಮರಳು ತೆಗೆದು ಹೊಳೆಯ ಪಾತ್ರ ಕೆಟ್ಟಿತು. ಹೀಗಾಗಿ ಸಾಧಾರಣ ಮಳೆಯ ವರ್ಷಗಳಲ್ಲಿ ಹೊಳೆ ಹರಿಯುವುದೇ ಅಪರೂಪವಾಯಿತು. 2022ರಲ್ಲಿ ಅಸಾಧಾರಣ ಮಳೆ ಸುರಿದಾಗ ಬಹಳ ವರ್ಷಗಳ ನಂತರ ಜಲಾಶಯಕ್ಕೆ ಮತ್ತೆ ನೀರು ತುಂಬಿ, ನೋಡಲು ಜನ ನೆರೆದರು. ನೂರಿಪ್ಪತ್ತೆಂಟು ವರ್ಷಗಳ ಹಿಂದಿನ ಏರಿ ಆ ನೀರನ್ನು ಹಿಡಿದು ನಿಲ್ಲಿಸಿತು.

ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು

1. ಪ್ರತಿ ವರ್ಷ ಮುಂಗಾರಿಗೆ ಮೊದಲು ಊರಿನ ಕೆರೆಯ ಏರಿಯ ಉದ್ದಕ್ಕೂ ನಡೆದು ಪರೀಕ್ಷಿಸಬೇಕು. ಇಲಿ, ಹೆಗ್ಗಣ, ಏಡಿಗಳ ಬಿಲಗಳನ್ನು ಅಗೆದು, ಹದವಾದ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ದಮ್ಮಸು ಮಾಡಬೇಕು.

2. ಏರಿಯ ಮೇಲೆ ದೊಡ್ಡ ಮರಗಳನ್ನು ಬೆಳೆಸಬಾರದು. ಮರ ಒಣಗಿದಾಗ ಕೊಳೆತ ಬೇರುಗಳ ಜಾಗದಲ್ಲಿ ನೀರು ನುಸುಳುತ್ತದೆ. ಹಿಂಬದಿಯ ಇಳಿಜಾರಿಗೆ ಗರಿಕೆ ಅಥವಾ ಲಾವಂಚ ಸೂಕ್ತ.

3. ಕೆರೆ ತುಂಬಿದಾಗ ಏರಿಯ ಹಿಂಬದಿಯ ಬುಡದಲ್ಲಿ ತಿಳಿನೀರು ಸ್ವಲ್ಪ ಜಿನುಗುವುದು ಸಾಮಾನ್ಯ. ಆ ನೀರು ಕದಡಿದ ಕೆಂಬಣ್ಣಕ್ಕೆ ತಿರುಗಿದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ತಿಳಿದು ಕೂಡಲೇ ಗ್ರಾಮ ಪಂಚಾಯಿತಿ ಮತ್ತು ಸಣ್ಣ ನೀರಾವರಿ ಇಲಾಖೆಗೆ ತಿಳಿಸಬೇಕು. ಕೆಳಗಿನ ಊರಿನವರನ್ನು ಎಚ್ಚರಿಸಬೇಕು.

4. ಕೋಡಿ ಮತ್ತು ಕೋಡಿಹಳ್ಳದಲ್ಲಿ ಬೆಳೆದ ಗಿಡಗಂಟಿಗಳನ್ನು ತೆಗೆಯಬೇಕು. ಕೋಡಿಯ ಎತ್ತರವನ್ನು ಇಂಜಿನಿಯರರ ಅನುಮತಿಯಿಲ್ಲದೆ ಏರಿಸಬಾರದು. ತೂಬು ಹಾಗೂ ಕಾಲುವೆಗಳ ಉಸ್ತುವಾರಿಗೆ ಹಿಂದಿನ ನೀರುಗಂಟಿ ಪದ್ಧತಿಯಂತೆ ಒಬ್ಬರನ್ನು ಜವಾಬ್ದಾರರನ್ನಾಗಿ ಮಾಡುವುದು ಒಳ್ಳೆಯದು.

5. ಕೆರೆಯ ಗೋಡನ್ನು ಬೇಸಿಗೆಯಲ್ಲಿ ತೆಗೆದು ಮಣ್ಣು ಪರೀಕ್ಷೆಯ ನಂತರ ಕೆಂಪು ಮರಳುಮಿಶ್ರಿತ ಹೊಲಗಳಿಗೆ ಹರಡಿದರೆ ತೇವಾಂಶ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಗೋಡು ತೆಗೆಯುವಾಗ ಏರಿಯ ಬುಡದಿಂದ ಸಾಕಷ್ಟು ಅಂತರ ಬಿಡಬೇಕು.

6. ಪ್ರವಾಹ ಹುಟ್ಟುವುದು ಹೊಲದಲ್ಲಿ. ಒಂದು ಎಕರೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರಾಗುತ್ತದೆ. ಅದರ ಕಾಲುಭಾಗ ಹರಿದುಹೋದರೂ 50 ಸಾವಿರ ಲೀಟರ್ ನಷ್ಟ. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಸಮಪಾತಳಿ ಬದು ಮತ್ತು ಕೃಷಿ ಹೊಂಡಗಳಿಂದ ಈ ನೀರನ್ನು ಹಾಗೂ ಅದರೊಡನೆ ಹೋಗುವ ಮೇಲ್ಮಣ್ಣನ್ನು ಉಳಿಸಿಕೊಳ್ಳಬಹುದು. ಹೊಂಡ ತುಂಬಿದ ಮೇಲೆ ಹೆಚ್ಚುವರಿ ನೀರು ಹಳ್ಳದ ಮೂಲಕ ಊರ ಕೆರೆಗೆ ಸೇರುವಂತೆ ದಾರಿ ಬಿಡಬೇಕು.

ಶೇಷಾದ್ರಿ ಅಯ್ಯರ್ ಕಟ್ಟಿಸಿದ ಜಲಾಶಯ ಕ್ಷಾಮವನ್ನು ನೆನಪಿನಲ್ಲಿಟ್ಟುಕೊಂಡು ಯೋಜಿಸಿದ್ದು. ಅಂತಹ ಯೋಜನೆಗೆ ಸರ್ಕಾರದ ಹಣ ಮತ್ತು ಇಂಜಿನಿಯರರ ವಿದ್ಯೆ ಬೇಕು. ಆದರೆ ಕಟ್ಟಿದ ಜಲಾಶಯಕ್ಕೆ ನೀರು ಬರುವುದು ಮೇಲಿನ ನೂರಾರು ಹಳ್ಳಿಗಳ ಹೊಲ, ಗೋಮಾಳ, ಹಳ್ಳ ಮತ್ತು ಕೆರೆಗಳನ್ನು ದಾಟಿಕೊಂಡು. ದೊಡ್ಡಬಳ್ಳಾಪುರ, ನೆಲಮಂಗಲ ಮತ್ತು ಬೆಂಗಳೂರು ಉತ್ತರ ತಾಲ್ಲೂಕುಗಳ ರೈತರು ತಮ್ಮ ಊರಿನ ಕೆರೆಯ ಕಾಲುವೆಯನ್ನು ಈ ಬೇಸಿಗೆಯಲ್ಲಿಯೇ ಸ್ವಚ್ಛಗೊಳಿಸಿಕೊಂಡರೆ, ಮುಂದಿನ ಮಳೆಗೆ ಮೊದಲು ಅವರ ಕೆರೆ ತುಂಬುತ್ತದೆ. ಅದರ ಕೋಡಿ ಹರಿದ ಮೇಲೆ ಅರ್ಕಾವತಿಗೂ ಒಂದಿಷ್ಟು ನೀರು ಸೇರುತ್ತದೆ.